ಎರಡನೇ ತರಗತಿಯ ಮಗಳನ್ನು ಈಗ ಶಾಲೆಗೆ ಕಳಿಸಬೇಕೇ, ಆನ್‌ಲೈನ್ ತರಗತಿಯಲ್ಲೇ ಮುಂದುವರಿಸಬೇಕೇ?

ನೀವು ಕೇಳಿರುವುದು ಇಷ್ಟು: ಕೋವಿಡ್‌ನಿಂದ ಮುಚ್ಚಿದ್ದ ಕರ್ನಾಟಕದ ಶಾಲೆಗಳಲ್ಲಿ 2021ರ ಅಕ್ಟೋಬರ್ 25ರಿಂದ ಒಂದರಿಂದ ಐದನೇ ತರಗತಿಗಳು ತೆರೆದಿವೆ, ಮಗಳನ್ನು ಕಳಿಸಲು ಪೋಷಕರು ಕೊಡಬೇಕಾದ ಒಪ್ಪಿಗೆ ಪತ್ರಕ್ಕೆ ನೀವಿನ್ನೂ ಸಹಿ ಹಾಕಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ ಇದ್ದಾರೆ, ಯಜಮಾನರು ದಿನವೂ ಬಸ್ಸಿನಲ್ಲಿ ಕಚೇರಿಗೆ ಹೋಗಿಬರುತ್ತಾರೆ, ಮಗಳ ಆನ್‌ಲೈನ್ ತರಗತಿ ‘ಚೆನ್ನಾಗಿಯೇ ನಡೆಯುತ್ತಿದೆ’. ದೀಪಾವಳಿ ಮುಗಿಸಿಕೊಂಡು ಕಳಿಸುವುದೋ, ಮಾರ್ಚ್‌ವರೆಗೆ ಹೀಗೆಯೇ ತಳ್ಳುವುದೋ?

ಅತ್ತೆಯವರಿಗೆ ಕೋವಿಡ್ ಲಸಿಕೆಯ ಎರಡೂ ಡೋಸ್ ಆಗಿದ್ದರೆ ಕಳಿಸಿ. ಆಗಿಲ್ಲದಿದ್ದರೆ ಮೊದಲು ಅವರನ್ನು ಲಸಿಕಾ ಕೇಂದ್ರಕ್ಕೆ ಕಳಿಸಿ, ಆಮೇಲೆ ಮಗಳನ್ನು ಶಾಲೆಗೆ ಕಳಿಸಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ನಂಬಿಕೆ ಬಾರದಿರುವುದು ಆ ‘ಚೆನ್ನಾಗಿಯೇ ನಡೆಯುತ್ತಿದೆ’ ಎಂಬ ಮಾತು. ನಾನು ಲೆಕ್ಕಪತ್ರದ ಕೆಲಸದವನು, ಕಳೆದ ವರ್ಷದಿಂದ ಮನೆಯಿಂದಲೇ ಕೆಲಸ. ಮೇಜಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಮೂರನೇ ತರಗತಿಯ ಮಗ. ಹಾಗಾಗಿ ಅವನ ತರಗತಿಗಳನ್ನು ಅವನಿಗಿಂತ ಹೆಚ್ಚು ಗಮನವಿಟ್ಟು ಕೇಳಿದವನು ನಾನೇ ಇರಬೇಕು. ಶಿಕ್ಷಕಿಯನ್ನು ದೂರುವಂತಿಲ್ಲ, ಪಾಪ, ಗಂಟಲು ಹರಿಯುವಂತೆ ಪಾಠ ಮಾಡುತ್ತಾರೆ. ಆದರೆ ಮಕ್ಕಳ ಕಡೆಯಿಂದ ಅವರಿಗೆ ಕೇಳಿಸುವುದು ಅಪ್ಪ ಅಮ್ಮಂದಿರ ಉತ್ತರ. ಒಮ್ಮೆ ಮಗ್ಗಿ ಕೇಳುತ್ತಿದ್ದರು. ಯಾವುದೋ ಮನೆಯಲ್ಲಿ ತಾಯಿ ಪಕ್ಕದಿಂದ ಪಿಸುಗುಟ್ಟಿದ್ದನ್ನು ಮಗು ಚಾಚೂ ತಪ್ಪದೆ ಒಪ್ಪಿಸಿತು: “ಐವತ್ತಾರು, ಜೋರಾಗಿ ಹೇಳು.” ಶಿಕ್ಷಕಿ “ವೆರಿ ಗುಡ್” ಎಂದು ಮುಂದಿನ ಮಗುವಿಗೆ ಹೋದರು. ಅವರಾದರೂ ಇನ್ನೇನು ಮಾಡಬೇಕಿತ್ತು?

ನೀವು ಒಂದು ಕೆಲಸ ಮಾಡಿ. ನಾಳೆ ಮೊಬೈಲ್ ಪಕ್ಕಕ್ಕಿಟ್ಟು, ಪಠ್ಯಪುಸ್ತಕವನ್ನೂ ಮುಚ್ಚಿಟ್ಟು, ಹಾಲಿನ ಪೊಟ್ಟಣದ ಮೇಲೋ ದಿನಪತ್ರಿಕೆಯಲ್ಲೋ ಇರುವ ಎರಡು ಸಾಲನ್ನು ಮಗಳಿಂದ ಓದಿಸಿ. ನನ್ನ ಮಗ ರಾಜ್ಯೋತ್ಸವದ ದಿನ ಪತ್ರಿಕೆಯ ತಲೆಬರಹ ನೋಡಿ “ರಾಜಕುಮಾರ” ಎಂದು ಓದಿದ. ‘ರಾಜ’ದವರೆಗೆ ಕಣ್ಣು, ಅಲ್ಲಿಂದಾಚೆಗೆ ಊಹೆ. ಕಾಗುಣಿತ ಒಪ್ಪಿಸುತ್ತಾನೆ, ಪದ್ಯಗಳು ಬಾಯಿಪಾಠ, ವರ್ಕ್‌ಶೀಟ್‌ಗಳೆಲ್ಲ ಭರ್ತಿ. ಒತ್ತಕ್ಷರ ಬಂದರೆ ಮಾತ್ರ ಬಂಡಿ ನಿಲ್ಲುತ್ತದೆ. ಒತ್ತಕ್ಷರ ಕಲಿಯುವ ವರ್ಷ ಪೂರ್ತಿ ಪರದೆಯ ಮುಂದೆಯೇ ಕಳೆಯಿತು. ಅಕ್ಷರ ಬರೆಯುವಾಗ ಕೈ ಹಿಡಿದು ತಿದ್ದುವವರಿರಲಿಲ್ಲ. ನಿಮ್ಮ ಮಗಳ ಸ್ಥಿತಿ ಇದಕ್ಕಿಂತ ಒಂದು ಹೆಜ್ಜೆ ಹಿಂದೆ: ಆಕೆ ಒಂದನೇ ತರಗತಿಯ ಕೊಠಡಿಯನ್ನೇ ಕಂಡಿಲ್ಲ. ನನ್ನ ದೊಡ್ಡ ಮಗಳು ಏಳನೇ ತರಗತಿ, ಸೆಪ್ಟೆಂಬರ್ 6ರಿಂದ ಹೋಗುತ್ತಿದ್ದಾಳೆ. ಅವಳು ಪುಸ್ತಕ ಹಿಡಿದು ತಾನೇ ಓದಿಕೊಳ್ಳಬಲ್ಲವಳು, ಅವಳಿಗೆ ಆನ್‌ಲೈನ್‌ನಿಂದ ಅಷ್ಟು ನಷ್ಟವಾಗಲಿಲ್ಲ.

ಇದು ನನ್ನ ಮನೆಯ ಕಥೆಯಷ್ಟೇ ಅಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿ 2021ರ ಆರಂಭದಲ್ಲಿ ವರದಿ ಪ್ರಕಟಿಸಿತು. ಎರಡರಿಂದ ಆರನೇ ತರಗತಿಯ ಆ ಮಕ್ಕಳಲ್ಲಿ ಶೇ 92ರಷ್ಟು ಮಂದಿ ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಆ ಪ್ರಮಾಣ ಶೇ 82. ಹೊಸದನ್ನು ಕಲಿಯದಿರುವುದು ಒಂದು, ಕಲಿತದ್ದನ್ನು ಮರೆಯುವುದು ಇನ್ನೊಂದು. ಇಲ್ಲಿ ಎರಡೂ ಒಟ್ಟಿಗೆ ಆಗಿವೆ. ನಮ್ಮ ಮಕ್ಕಳದು ಖಾಸಗಿ ಶಾಲೆ, ಮನೆಯಲ್ಲಿ ವೈಫೈ ಇದೆ ಎಂದು ಸಮಾಧಾನಪಟ್ಟುಕೊಳ್ಳಬಹುದು. ದಿನಪತ್ರಿಕೆ ಓದಿಸಿದ ಮೇಲೆ ಆ ಸಮಾಧಾನ ಉಳಿಯುತ್ತದೆಯೇ ನೋಡಿ.

ಈಗ ಕಾಯಿಲೆಯ ವಿಚಾರ. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣಗಳು ದಾಖಲಾಗಿದ್ದವು. ಆ ತಿಂಗಳು ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ನಾನು ಬಾಗಿಲು ಹಾಕಿಕೊಂಡಿರಿ ಎನ್ನುತ್ತಿದ್ದೆ. ಈಗ, ನವೆಂಬರ್ ಹೊತ್ತಿಗೆ, ದಿನದ ಲೆಕ್ಕ ಕೆಲವು ನೂರಕ್ಕೆ ಇಳಿದಿದೆ. ಜೂನ್, ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ನಾಲ್ಕನೇ ಸೆರೋ ಸಮೀಕ್ಷೆಯಲ್ಲಿ, ಅಂದರೆ ಸೋಂಕು ಬಂದುಹೋದ ಗುರುತನ್ನು ರಕ್ತದಲ್ಲಿ ಹುಡುಕುವ ಸಮೀಕ್ಷೆಯಲ್ಲಿ, 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಮಂದಿಯಲ್ಲಿ ಪ್ರತಿಕಾಯಗಳು ಕಂಡುಬಂದವು. ಅಂದರೆ ಶಾಲೆಗಳಿಗೆ ಬೀಗ ಹಾಕಿದ್ದಾಗಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ತಗುಲಿ ಹೋಗಿತ್ತು, ಹೆಚ್ಚಿನವರಿಗೆ ತಿಳಿಯಲೂ ಇಲ್ಲ. ಆ ಸಮೀಕ್ಷೆಯ ಫಲಿತಾಂಶ ಪ್ರಕಟಿಸುತ್ತಲೇ ಐಸಿಎಂಆರ್‌ನ ಆಗಿನ ಮುಖ್ಯಸ್ಥ ಬಲರಾಮ್ ಭಾರ್ಗವ ಅವರು, ಶಾಲೆ ತೆರೆಯುವುದಾದರೆ ಪ್ರಾಥಮಿಕ ತರಗತಿಗಳಿಂದಲೇ ಆರಂಭಿಸುವುದು ಒಳ್ಳೆಯದು, ವೈರಸ್ ಅಂಟಿಕೊಳ್ಳಲು ಜೀವಕೋಶಗಳ ಮೇಲಿರುವ ಗ್ರಾಹಕಗಳು ಚಿಕ್ಕ ಮಕ್ಕಳಲ್ಲಿ ಕಡಿಮೆ ಎಂದರು. ಡೆನ್ಮಾರ್ಕ್ 2020ರ ಏಪ್ರಿಲ್‌ನಲ್ಲೇ ಶಿಶುವಿಹಾರ ಮತ್ತು ಕಿರಿಯ ತರಗತಿಗಳನ್ನು ಮೊದಲು ತೆರೆದಿತ್ತು. ನಮ್ಮಲ್ಲಿ ಮೇಲಿನಿಂದ ಕೆಳಕ್ಕೆ ಬಂದರು: ಆಗಸ್ಟ್‌ನಲ್ಲಿ ಒಂಬತ್ತರಿಂದ ಹನ್ನೆರಡು, ಸೆಪ್ಟೆಂಬರ್‌ನಲ್ಲಿ ಆರರಿಂದ ಎಂಟು, ಕೊನೆಗೆ ಪುಟಾಣಿಗಳು. ಎಸ್‌ಎಸ್‌ಎಲ್‌ಸಿ ಎಂಬ ಪರೀಕ್ಷೆಯೊಂದಿಲ್ಲದಿದ್ದರೆ ಈ ಕ್ರಮ ಯಾರಿಗೂ ಹೊಳೆಯುತ್ತಿರಲಿಲ್ಲ.

ಮಡಿಕೇರಿ ಹತ್ತಿರದ ವಸತಿ ಶಾಲೆಯೊಂದರಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳಿಗೆ ಸೋಂಕು ಬಂದದ್ದನ್ನು ಓದಿ ನಿಮಗೆ ಅಂಜಿಕೆಯಾಗಿರಬಹುದು, ನನಗೂ ಆಯಿತು. ಆದರೆ ಹಾಸಿಗೆಯ ಪಕ್ಕ ಹಾಸಿಗೆ ಹಾಕಿ ರಾತ್ರಿಯಿಡೀ ಒಟ್ಟಿಗೆ ಮಲಗುವ ಮಕ್ಕಳ ಸ್ಥಿತಿಯೇ ಬೇರೆ, ಕಿಟಕಿ ತೆರೆದ ಕೊಠಡಿಯಲ್ಲಿ ಅರ್ಧ ತರಗತಿ ಕೂತು ಮನೆಗೆ ಬರುವುದೇ ಬೇರೆ.

ಅತ್ತೆಯವರ ಬಗ್ಗೆ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ, ಬೇಸರಿಸಬೇಡಿ. ಯಜಮಾನರು ದಿನವೂ ಬಸ್ಸಿನಲ್ಲಿ ಓಡಾಡುತ್ತಾರೆ ಎಂದಮೇಲೆ ವೈರಸ್ಸಿಗೆ ನಿಮ್ಮ ಮನೆಯ ಬಾಗಿಲು ಯಾವಾಗಲೋ ತೆರೆದಾಗಿದೆ. ಹಬ್ಬದ ಬಟ್ಟೆ ಅಂಗಡಿಗೆ, ನೆಂಟರ ಗೃಹಪ್ರವೇಶಕ್ಕೆ ಎಲ್ಲರೂ ಹೋಗಿಬಂದು, ಎಚ್ಚರಿಕೆಯ ಹೆಸರಿನಲ್ಲಿ ಏಳು ವರ್ಷದ ಮಗುವನ್ನಷ್ಟೇ ಮನೆಯಲ್ಲಿ ಕೂರಿಸುವುದನ್ನು ನಮ್ಮ ಬಡಾವಣೆಯಲ್ಲೂ ನೋಡುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಸ್ತಮಾ ಇರುವ ನನ್ನ ಅಪ್ಪ ಇದ್ದಾರೆ. ಎರಡನೇ ಡೋಸ್ ಆಗಿ ಹದಿನೈದು ದಿನ ಕಳೆದದ್ದನ್ನು ಖಚಿತಪಡಿಸಿಕೊಂಡೇ ಮಗನ ಪತ್ರಕ್ಕೆ ಸಹಿ ಹಾಕಿದೆ. ಮೊಮ್ಮಗ ಈಗ ಅಜ್ಜನ ಹಾಸಿಗೆಯಲ್ಲಿ ಮಲಗುವುದಿಲ್ಲ, ಈ ಏರ್ಪಾಡು ಇಬ್ಬರಿಗೂ ಇಷ್ಟವಿಲ್ಲ. ಅಪ್ಪನ ಕೋಣೆಯ ಕಿಟಕಿ ಹಗಲಿಡೀ ತೆರೆದಿರುತ್ತದೆ. ಮಗನಿಗೆ ನೆಗಡಿಯೋ ಕೆಮ್ಮೋ ಕಾಣಿಸಿದರೆ ಇಬ್ಬರ ಮಾತುಕತೆ ಜಗುಲಿಯಲ್ಲಿ. ಚೀಲ ಒರೆಸುವುದು, ಪುಸ್ತಕಗಳಿಗೆ ಸ್ಯಾನಿಟೈಸರ್ ಸಿಂಪಡಿಸುವುದು ಇತ್ಯಾದಿಗಳನ್ನು ಬಿಟ್ಟಿದ್ದೇವೆ; ಈ ಕಾಯಿಲೆ ಮುಖ್ಯವಾಗಿ ಹರಡುವುದು ಉಸಿರಿನಿಂದ.

ಶಾಲೆಯಲ್ಲಿ ನೋಡಬೇಕಾದದ್ದೂ ಅದನ್ನೇ. ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್‌ಗೆ ಮರುಳಾಗದೆ ಒಳಗೆ ಹೋಗಿ ಕಿಟಕಿ ನೋಡಿ. ಎರಡು ಡೋಸ್ ಪಡೆದ ಶಿಕ್ಷಕರೇ ಪಾಠ ಮಾಡಬೇಕೆಂದು ಸರ್ಕಾರವೇ ಹೇಳಿದೆ, ಅದನ್ನು ಕೇಳಿ ತಿಳಿದುಕೊಳ್ಳಲು ಸಂಕೋಚ ಬೇಡ. ಮಾಸ್ಕ್ ತೆಗೆದು ಊಟ ಮಾಡುವುದು ಎಲ್ಲಿ ಎಂಬುದು ಇನ್ನೊಂದು. ನಮ್ಮಲ್ಲಿ ಆವರಣದ ಹೊಂಗೆ ಮರದಡಿ ಕೂರಿಸುತ್ತಾರೆ, ಮಳೆ ಬಂದರೆ ಮೊದಲೇ ಮನೆಗೆ ಕಳಿಸುತ್ತಾರೆ. ನನ್ನ ಪ್ರಕಾರ ತರಗತಿಗಿಂತ ಅಪಾಯ ಹೆಚ್ಚಿರುವುದು ಎಂಟು ಮಕ್ಕಳನ್ನು ತುಂಬಿಕೊಂಡು ಹೋಗುವ ಆಟೊದಲ್ಲಿ. ಅಲ್ಲಿ ಮಾತ್ರ ನಾನು ರಾಜಿಯಾಗಲಿಲ್ಲ, ಸ್ಕೂಟರಿನಲ್ಲಿ ಬಿಟ್ಟು ಬರುತ್ತೇನೆ.

ಕಳಿಸಬೇಡಿ ಎಂದು ನಾನೇ ಹೇಳುವ ಮನೆಗಳೂ ಇವೆ. ಮನೆಯಲ್ಲಿ ಕಿಮೋಥೆರಪಿ ಪಡೆಯುತ್ತಿರುವವರೋ ಮೂತ್ರಪಿಂಡ ಕಸಿ ಮಾಡಿಸಿಕೊಂಡವರೋ ಇದ್ದರೆ, ಇಲ್ಲವೇ ಮಗುವಿಗೇ ದೊಡ್ಡ ಕಾಯಿಲೆ ಇದ್ದರೆ ಲೆಕ್ಕವೇ ಬದಲಾಗುತ್ತದೆ. ಈ ವರ್ಷ (2021) ಹಾಜರಿ ಕಡ್ಡಾಯವಲ್ಲ. ಅಂಥವರನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಡಿಗಳೆಂದು ಆಡಿಕೊಳ್ಳುವವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಗುಂಪಿನಿಂದ ಹೊರಬನ್ನಿ.

ಅಂದಹಾಗೆ, ಕಳಿಸುವುದೋ ಬೇಡವೋ ಎಂಬ ಈ ಚರ್ಚೆಯೇ ನಮ್ಮಂಥವರ ಸ್ವತ್ತು. ನಮ್ಮ ಮನೆಗೆಲಸಕ್ಕೆ ಬರುವವರ ಮಕ್ಕಳಿಬ್ಬರು ಸರ್ಕಾರಿ ಶಾಲೆಯವರು. ಮನೆಯಲ್ಲಿರುವ ಒಂದು ಮೊಬೈಲ್ ಬೆಳಿಗ್ಗೆಯೇ ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗುತ್ತದೆ. 2020ರ ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಕಲಿಸುವ ಸರ್ಕಾರದ ‘ವಿದ್ಯಾಗಮ’ ಯೋಜನೆ ಶುರುವಾದಾಗ ಮೇಷ್ಟ್ರು ದೇವಸ್ಥಾನದ ಜಗುಲಿಗೆ ಬಂದು ಪಾಠ ಮಾಡುತ್ತಿದ್ದರು, ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಈಗ ಶಾಲೆ ತೆರೆದ ದಿನವೇ ಆಕೆ ಇಬ್ಬರನ್ನೂ ಕಳಿಸಿದರು. ಒಪ್ಪಿಗೆ ಪತ್ರದಲ್ಲಿ ಏನಿದೆ ಎಂದು ನನ್ನಿಂದ ಓದಿಸಿಕೊಂಡು, “ಇದಕ್ಕೆ ನನ್ನನ್ನು ಕೇಳುವುದೇನಿದೆ?” ಎಂದರು.

ನೀವು ದೀಪಾವಳಿ ಮುಗಿಸಿಕೊಂಡೇ ಕಳಿಸುವುದಾದರೂ ಈ ವಾರವೇ ಶೂ ನೋಡಿಕೊಳ್ಳಿ. ಹಳೆಯದು ಖಂಡಿತ ಆಗುವುದಿಲ್ಲ, ಚಿಕ್ಕ ಅಳತೆಯ ಕಪ್ಪು ಶೂಗಳಿಗೆ ನಮ್ಮ ಊರಿನ ಅಂಗಡಿಗಳಲ್ಲಿ ಈಗ ನೂಕುನುಗ್ಗಲು. ಊಟದ ಡಬ್ಬಿಯ ಮುಚ್ಚಳ ತಾನೇ ತೆಗೆಯುವುದನ್ನೂ ಅಭ್ಯಾಸ ಮಾಡಿಸಿ. ಮೊದಲ ದಿನ ನನ್ನ ಮಗನ ತರಗತಿಯಲ್ಲಿ ಅರ್ಧ ಮಕ್ಕಳು ಡಬ್ಬಿ ಹಿಡಿದು ಶಿಕ್ಷಕಿಯ ಮುಂದೆ ಸಾಲುಗಟ್ಟಿದ್ದರಂತೆ. ಸಹಿ ಹಾಕಿದ ಮಾತ್ರಕ್ಕೆ ಸಿಕ್ಕಿಕೊಂಡಿರಿ ಎಂದೇನಿಲ್ಲ. ಪ್ರಕರಣಗಳು ಮತ್ತೆ ಏರತೊಡಗಿದರೆ ಮಾರನೆಯ ದಿನವೇ ಮನೆಯಲ್ಲಿ ನಿಲ್ಲಿಸಿಕೊಳ್ಳಿ. ಆಗ ಆನ್‌ಲೈನ್ ತರಗತಿ ಇದ್ದೇ ಇರುತ್ತದೆ. ಆದರೆ ಉತ್ತರವನ್ನು ಮಗಳೇ ಹೇಳಲಿ.