ಪ್ರಾಚೀನ ಮತ್ತು ಆಧುನಿಕ ರಾಜತಾಂತ್ರಿಕತೆಯನ್ನು ಬೇಸಿಗೆ ಕಾರ್ಯಕ್ರಮದಲ್ಲಿ ಗ್ರೀಸ್‌ಗೆ ಹೋಗಿಯೇ ಓದಬೇಕೇ?

ಹೋಗುವುದು ಸಾರ್ಥಕವೆಂದೇ ನನ್ನ ಅಭಿಪ್ರಾಯ. ಏಕೆಂದರೆ ಈ ವಿಷಯದ ಮೂಲ ದಾಖಲೆಗಳು ಅಲ್ಲಿ ಕಲ್ಲಿನ ಮೇಲೆಯೇ ಉಳಿದಿವೆ. ಅಥೆನ್ಸ್‌ನ ಶಾಸನ ಸಂಗ್ರಹಾಲಯದಲ್ಲಿರುವ ಕ್ರಿ.ಪೂ. 377ರ ಶಾಸನವೊಂದರಲ್ಲಿ, ತಾನು ಮುನ್ನಡೆಸುವ ಎರಡನೆಯ ಮೈತ್ರಿ ಒಕ್ಕೂಟಕ್ಕೆ ಸೇರುವ ಗ್ರೀಕ್ ನಗರ-ರಾಜ್ಯಗಳು ಸ್ವಾಯತ್ತವಾಗಿಯೇ ಇರುತ್ತವೆ, ಅಲ್ಲಿ ಸೇನೆಯನ್ನು ಇರಿಸುವುದಿಲ್ಲ, ಕಪ್ಪವನ್ನೂ ಕೇಳುವುದಿಲ್ಲ ಎಂದು ಅಥೆನ್ಸ್ ಮಾತು ಕೊಟ್ಟಿದೆ. ಹಿಂದಿನ ಒಕ್ಕೂಟವನ್ನು ಸಾಮ್ರಾಜ್ಯವಾಗಿಸಿ ಕಳೆದುಕೊಂಡ ವಿಶ್ವಾಸವನ್ನು ಮರಳಿ ಗಳಿಸಲು ಒಂದು ರಾಜ್ಯ ಎಷ್ಟು ಬಿಡಿಸಿ ಬರೆಯಬೇಕಾಗುತ್ತದೆ ಎಂಬುದು ಆ ಸಾಲುಗಳಲ್ಲಿ ಕಾಣುತ್ತದೆ. ಇಂದಿನ ಮೈತ್ರಿ ಒಪ್ಪಂದಗಳನ್ನು ಓದುವವರಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು.

ಆಧುನಿಕ ಭಾಗವೂ ದೂರವಿಲ್ಲ. ಅಥೆನ್ಸ್‌ನ ಪ್ರಾಚೀನ ಅಗೋರಾದಲ್ಲಿ (ಊರಿನ ಸಾರ್ವಜನಿಕ ಚೌಕ) ಪುನರ್ನಿರ್ಮಿಸಿರುವ ಅಟ್ಟಲೋಸನ ಕಂಬಗಳ ಮಂಟಪದಲ್ಲಿಯೇ 2003ರ ಏಪ್ರಿಲ್ 16ರಂದು, ಹತ್ತು ದೇಶಗಳು ಐರೋಪ್ಯ ಒಕ್ಕೂಟವನ್ನು ಸೇರುವ ಒಪ್ಪಂದಕ್ಕೆ ಸಹಿ ಬಿದ್ದಿತು. 2018ರಲ್ಲಿ ಗ್ರೀಸ್‌ನ ಉತ್ತರ ಗಡಿಯ ಪ್ರೆಸ್ಪಾ ಸರೋವರದ ದಡದಲ್ಲಿ ಆದ ಒಪ್ಪಂದವು, ಗ್ರೀಸ್‌ಗೂ ನೆರೆಯ ದೇಶಕ್ಕೂ ಆ ದೇಶದ ಹೆಸರಿನ ಬಗ್ಗೆ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ನಡೆದ ವಿವಾದವನ್ನು ‘ಉತ್ತರ ಮ್ಯಾಸಿಡೋನಿಯಾ’ ಎಂಬ ಹೆಸರಿನಿಂದ ಬಗೆಹರಿಸಿತು.

ಆದರೆ ಕಾರ್ಯಕ್ರಮವನ್ನು ಆರಿಸುವ ಮೊದಲು ಪಠ್ಯಕ್ರಮವನ್ನು ತರಿಸಿಕೊಂಡು, ಶಾಸನಗಳನ್ನು ಅನುವಾದದಲ್ಲಾದರೂ ಓದಿಸುತ್ತಾರೆಯೇ ಎಂದು ನೋಡಿ. ಬರೀ ಸ್ಥಳದರ್ಶನವಾದರೆ ಅದು ಪ್ರವಾಸವೇ ಹೊರತು ಅಧ್ಯಯನವಲ್ಲ. ಕ್ರೆಡಿಟ್‌ಗಳಿಗೆ ನಿಮ್ಮ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ ಎಂಬುದನ್ನೂ ಲಿಖಿತವಾಗಿ ಖಚಿತಪಡಿಸಿಕೊಳ್ಳಿ.