ತಂಬಾಕು ಬೆಳೆಯುವ ಊರಲ್ಲೇ ತಂಬಾಕು ವಿರೋಧಿ ಕಾರ್ಯಕ್ರಮ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಊರು ಅರಕಲಗೂಡು ತಾಲ್ಲೂಕು, ಯುವಕ ಸಂಘದಿಂದ ಮೇ 31ಕ್ಕೆ ತಂಬಾಕು ವಿರೋಧಿ ಕಾರ್ಯಕ್ರಮ ಮಾಡಬೇಕು, ಆದರೆ ಊರಲ್ಲಿ ಅರ್ಧ ಮನೆಯವರು ಹೊಗೆಸೊಪ್ಪು ಬೆಳೆಯೋರೇ. ಜಗಳ ಆಗದ ಹಾಗೆ ಮಾಡೋದು ಹೇಗೆ? ನಾನೂ ಕೊಣನೂರು ಕಡೆಯವನೇ. ನಮ್ಮ ಹುಡುಗರ ಜೊತೆ ಇದನ್ನು ಮಾಡಿದ್ದೀನಿ, ಅದರ ಮೇಲೆ ಹೇಳ್ತೀನಿ.

ಮೊದಲು ಆ ತಾರೀಖು ಬಿಡಿ. ಮೇ 31 ವಿಶ್ವ ತಂಬಾಕು ರಹಿತ ದಿನ ಹೌದು, ಆದರೆ ನಮ್ಮಲ್ಲಿ ಅದು ಸಸಿ ನಾಟಿ ಮಾಡೋ ಸಮಯ. ಮಳೆ ಬಿದ್ದ ಮರುದಿನ ಶಾಮಿಯಾನದಡಿ ಬಂದು ಕೂರೋರು ಇಲಾಖೆಯವರು ಮತ್ತು ಫೋಟೊ ತೆಗೆಯೋರು ಮಾತ್ರ. ರಾಮನಾಥಪುರದ ಷಷ್ಠಿ ಜಾತ್ರೆ ಹೊತ್ತಿಗೆ ಇಟ್ಟುಕೊಳ್ಳಿ, ಜನ ತಾವಾಗೇ ಸೇರ್ತಾರೆ.

ಎರಡನೇದು, ಯಾರಾದರೂ ಉತ್ಸಾಹದಲ್ಲಿ "ಹೊಗೆಸೊಪ್ಪಿನ ಕಂತೆ ಸುಡೋಣ" ಅಂದರೆ ಅಲ್ಲೇ ತಡೆಯಿರಿ. ಅದು ಒಬ್ಬರ ಮನೆಯ ವರ್ಷದ ದುಡಿಮೆ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗೋ ನಮ್ಮ ಸೊಪ್ಪು ಸಿಗರೇಟಿಗೆ. ನಮ್ಮೂರವರು ಬಾಯಿಗೆ ಹಾಕೋ ಕಡ್ಡಿಪುಡಿ, ಗುಟ್ಕಾ ಅಂಗಡಿಯಿಂದ ಬರೋದು. ನಿಮ್ಮ ಕಾರ್ಯಕ್ರಮ ಆ ಅಂಗಡಿ ಮತ್ತು ಬಾಯಿಯ ಬಗ್ಗೆ ಇರಲಿ. ಬೆಳೆ ಬಿಡಿ ಅನ್ನೋ ಭಾಷಣಕ್ಕೆ ನಾವು ಯಾರು? ಬದಲಿ ಬೆಳೆಗೆ ಬೆಲೆ ಕೊಡಿಸೋ ತಾಕತ್ತು ಯುವಕ ಸಂಘಕ್ಕಿಲ್ಲ.

ಬೆಳೆಗಾರರನ್ನು ಕರೆತರೋಕೆ ಒಂದು ವಿಷಯ ಚೆನ್ನಾಗಿ ಕೆಲಸ ಮಾಡುತ್ತೆ. ಬೆಳಗಿನ ಇಬ್ಬನಿಯಲ್ಲಿ ಒದ್ದೆ ಸೊಪ್ಪು ಮುರಿದ ದಿನ ತಲೆ ಸುತ್ತಿ ವಾಂತಿ ಆಗೋದು ಎಲ್ಲರಿಗೂ ಗೊತ್ತು. ಪಿತ್ತ ಅಂತಲೋ, ಹೊಟ್ಟೆ ಖಾಲಿ ಇತ್ತು ಅಂತಲೋ ಸುಮ್ಮನಾಗ್ತಾರೆ. ಅದು ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದದ್ದು ಅಂತ ವೈದ್ಯರ ಬಾಯಲ್ಲಿ ಹೇಳಿಸಿ. ಕೈಗವಸು, ತುಂಬು ತೋಳಿನ ಅಂಗಿ, ಇಬ್ಬನಿ ಆರಿದ ಮೇಲೆ ಕೊಯ್ಲು, ಮಕ್ಕಳನ್ನು ಸೊಪ್ಪು ಮುರಿಯೋಕೆ ಕಳಿಸದಿರೋದು, ಇಷ್ಟು ಹೇಳಿದರೆ ಸಾಕು. ನಮ್ಮಲ್ಲಿ ಹಿಂದಿನ ಸಾಲಲ್ಲಿ ಕೈಕಟ್ಟಿ ನಿಂತಿದ್ದ ಮಾವಂದಿರೇ ಮುಂದೆ ಬಂದು, "ಹಂಗಾದ್ರೆ ಇದನ್ನ ಬಾಯಲ್ಲಿ ಇಟ್ಕೊಂಡ್ರೆ ಏನಾಗುತ್ತೆ ಡಾಕ್ಟ್ರೇ?" ಅಂದರು. ನಾವು ಕೇಳಬೇಕಿದ್ದ ಪ್ರಶ್ನೆ ಅದು, ಅವರೇ ಕೇಳಿದರು.

ಅದಾದ ಮೇಲೆ ಬಾಯಿ ತಪಾಸಣೆ. ಹಾಸನದ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿಗೂ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿರೋ ತಂಬಾಕು ನಿಯಂತ್ರಣ ಕೋಶಕ್ಕೂ ಮೊದಲೇ ಪತ್ರ ಕೊಡಿ. ಬಾಯಿ ಎಷ್ಟು ತೆರೆಯುತ್ತೆ ಅಂತ ನೋಡೋಕೆ ವೈದ್ಯರು ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡೋಕೆ ಹೇಳ್ತಾರೆ. ಗುಟ್ಕಾ ಹಾಕೋ ಹುಡುಗರಲ್ಲಿ ಕೆಲವರಿಗೆ ಎರಡೇ ಬೆರಳು ಹೋಗುತ್ತೆ, ಅಲ್ಲಿಗೆ ಗೆಳೆಯರ ನಗು ನಿಲ್ಲುತ್ತೆ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡವರ ಹೆಸರು ಬರೆದುಕೊಂಡು, ಹಾಸನದ ಆಸ್ಪತ್ರೆಗೆ ಜೊತೆಯಲ್ಲಿ ಹೋಗೋ ಹುಡುಗ ಯಾರು ಅಂತ ಅಲ್ಲೇ ಗೊತ್ತು ಮಾಡಿ. ಇಲ್ಲದಿದ್ದರೆ ಆಸ್ಪತ್ರೆಗೆ ಬರೆದುಕೊಟ್ಟ ಚೀಟಿ ಮನೆ ಗೋಡೆಯ ಮೊಳೆಗೆ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತೆ. ಹೆಂಗಸರು ಮೈಕಿನ ಮುಂದೆ ಬರಲ್ಲ; ಎಲೆಅಡಿಕೆ ಚೀಲದಲ್ಲಿ ಹೊಗೆಸೊಪ್ಪು ಇಟ್ಟುಕೊಂಡಿರೋ ಅಜ್ಜಿಯರಂತೂ ಬರೋದೇ ಇಲ್ಲ. ಅವರಿಗೆ ಸ್ತ್ರೀಶಕ್ತಿ ಸಂಘದ ಸಭೆಯ ದಿನ ಆಶಾ ಕಾರ್ಯಕರ್ತೆಯ ಜೊತೆ ಬೇರೆಯಾಗಿ ಮಾಡಿಸಿ.

ಅಂಗಡಿ ವಿಷಯ. ಶಾಲೆಯ ಸುತ್ತ ಸುಮಾರು ನೂರು ಮೀಟರ್ ಒಳಗೆ ತಂಬಾಕು ಮಾರೋ ಹಾಗಿಲ್ಲ. ತಂಬಾಕು ನಿಯಂತ್ರಣ ಕಾಯ್ದೆಗೆ ನಮ್ಮ ರಾಜ್ಯ ಮಾಡಿದ, 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ 21 ವರ್ಷದೊಳಗಿನವರಿಗೆ ಮಾರೋದೂ ತಪ್ಪು, ಸಾರ್ವಜನಿಕ ಜಾಗದಲ್ಲಿ ಸೇದಿದರೆ ಸಾವಿರ ರೂಪಾಯಿವರೆಗೆ ದಂಡ. ಟೇಪು ಹಿಡಿದು ಶಾಲೆ ಗೇಟಿನಿಂದ ಅಳೆದು ರಸ್ತೆಗೆ ಹಳದಿ ಗೆರೆ ಎಳೆಯಿರಿ. ಅಂಗಡಿಯವರಿಗೆ ಗುಲಾಬಿ ಹೂ ಕೊಟ್ಟು ಮನವಿ ಮಾಡೋ ಪದ್ಧತಿ ಇಲಾಖೆಯಲ್ಲಿದೆ, ಪರವಾಗಿಲ್ಲ. ಆದರೆ ಹೂ ಕೊಡೋ ಮುಂಚೆ ಸಂಜೆ ಒಮ್ಮೆ ಕ್ಯಾಮೆರಾ ಇಲ್ಲದೆ ಹೋಗಿ ಮಾತಾಡಿ. ಮೊದಲೇ ಹೇಳಿದ್ದರಿಂದ ನಮ್ಮೂರಲ್ಲಿ ಒಬ್ಬರು ಗುಟ್ಕಾ ಮಾಲೆ ತಾವೇ ಇಳಿಸಿ, ಆ ಮೊಳೆಗೆ ಕಡ್ಲೆಮಿಠಾಯಿ ನೇತುಹಾಕಿದರು.

ಜಾಥಾ ಬೇಕೇ ಬೇಕಾ? ಬಿಸಿಲಲ್ಲಿ ಮಕ್ಕಳ ಕೈಲಿ ಘೋಷಣೆ ಕೂಗಿಸೋದು ನನಗೆ ಇಷ್ಟವಿಲ್ಲ. ಕಬಡ್ಡಿ ಪಂದ್ಯ ಇಡಿ, ಪಾನ್ ಮಸಾಲ ಕಂಪನಿ ದುಡ್ಡು ಮಾತ್ರ ಮುಟ್ಟಬೇಡಿ. ಬಿಡಬೇಕು ಅನ್ನೋರಿಗೆ 1800-11-2356 ಉಚಿತ ಸಹಾಯವಾಣಿ ಇದೆ. ವೇದಿಕೆಯಿಂದ ಕೂಗಿ ಹೇಳೋ ಬದಲು, ತಪಾಸಣೆ ಮುಗಿಸಿ ಬಂದವರ ಫೋನಿನಲ್ಲಿ ಅಲ್ಲೇ ಆ ನಂಬರ್ ಸೇವ್ ಮಾಡಿಕೊಡಿ. ಮೈಕಿಗೆ ಪೊಲೀಸ್ ಠಾಣೆಯ ಅನುಮತಿ ಪತ್ರವನ್ನು ಮೊದಲೇ ಮಾಡಿಸಿಕೊಳ್ಳಿ.