ಮತ್ತೆ ಬಿದ್ದವನನ್ನು ದೇವರು ಸೇರಿಸಿಕೊಳ್ಳುತ್ತಾನಾ?

ಪ್ರಶ್ನೆ: ಇನ್ನು ಕುಡಿಯುವುದಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟಿದ್ದೆ. ಮತ್ತೆ ಕುಡಿದೆ, ಹೆಂಡತಿಯ ಚೀಟಿ ಹಣವನ್ನೂ ಅವಳಿಗೆ ಗೊತ್ತಿಲ್ಲದೆ ಕಳೆದೆ. ಬುಧವಾರದ ನೊವೇನಾ ಪ್ರಾರ್ಥನೆಗೆ ಮಾಹಿಮ್ ಚರ್ಚಿಗೆ ಹೋಗಲು ಈಗ ನಾಚಿಕೆ. ದೇವರು ಎಷ್ಟು ಸಲ ಅಂತ ಕ್ಷಮಿಸುತ್ತಾನೆ?
– ಓದುಗ, ಧಾರಾವಿ, ಮುಂಬೈ

ಉತ್ತರ: ಇದೇ ಲೆಕ್ಕವನ್ನು ಯೇಸುವಿನ ಶಿಷ್ಯ ಪೇತ್ರನೂ ಕೇಳಿದ್ದ. ಏಳು ಸಲ ಕ್ಷಮಿಸಿದರೆ ಸಾಕಾ ಎಂದಾಗ ಯೇಸು ಏಳೆಪ್ಪತ್ತು ಸಲ ಎಂದರು (ಮತ್ತಾಯ 18). ಆಮೇಲೆ ಅದೇ ಪೇತ್ರ, ಸಾಯುವುದಾದರೂ ನಿನ್ನ ಜೊತೆ ಎಂದು ಯೇಸುವಿಗೆ ಹೇಳಿದವನು, ಯೇಸುವನ್ನು ಹಿಡಿದ ರಾತ್ರಿ ಇದ್ದಲು ಬೆಂಕಿಯ ಹತ್ತಿರ ನಿಂತು ಆ ಮನುಷ್ಯ ಯಾರೋ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳಿಬಿಟ್ಟ. ಮಾತು ಕೊಟ್ಟು ಮುರಿದವನು ನೀವೊಬ್ಬರೇ ಅಲ್ಲ, ಅಲ್ವಾ?

ಯೋಹಾನನ ಸುವಾರ್ತೆಯ 21ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಪುನರುತ್ಥಾನದ ನಂತರ ಯೇಸು ತಿಬೇರಿಯ ಸಮುದ್ರದ ದಡದಲ್ಲಿ ಇದ್ದಲು ಬೆಂಕಿ ಹಾಕಿ, ಮೀನು ಸುಟ್ಟು, ಬನ್ನಿ ಊಟ ಮಾಡಿ ಎನ್ನುತ್ತಾರೆ. ನನಗೆ ತುಂಬ ಇಷ್ಟವಾಗುವುದು ಇದೇ: ಮೊದಲು ಊಟ, ಆಮೇಲೆ ಮಾತು. ಯಾಕೆ ಹಾಗೆ ಮಾಡಿದೆ ಅಂತ ಪೇತ್ರನನ್ನು ಕೇಳಲೇ ಇಲ್ಲ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ ತಮ್ಮ ಕುರಿಗಳನ್ನು, ಅಂದರೆ ತಮ್ಮ ಜನರನ್ನು, ಕಾಯುವ ಕೆಲಸವನ್ನೇ ಒಪ್ಪಿಸಿದರು.

ಆದರೆ ಚೀಟಿ ಹಣದ ವಿಷಯ ಹೆಂಡತಿಗೆ ನೀವೇ ಹೇಳಬೇಕು. ಬೈಬಲ್ಲಿನ ಸುಂಕದವನು ಜಕ್ಕಾಯ, ಯೇಸುವಿನ ಮುಂದೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ನೀವು ತಿಂಗಳಿಗೆ ಸ್ವಲ್ಪ ಸ್ವಲ್ಪವಾದರೂ ತೀರಿಸಿ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ಮುಂಬೈಯಲ್ಲಿ ನಡೆಯುತ್ತವೆ, ಹೋಗಿ. ಬುಧವಾರ ಚರ್ಚಿಗೂ ಹೋಗಿ, ನಾಚಿಕೆ ಇದ್ದರೂ ಸರಿ.